ಮೂಲೆಯ ಹೊರೆಗಲ್ಲು

ಲಂಡನ್

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಅಮ್ಮನ ಮಂಡಿನೋವು ಕಡಿಮೆಯಾಗಿದೆಯೆಂದು ತಿಳಿದು ಸಮಾಧಾನವಾಯಿತು.

ಬೆಂಗಳೂರಿನ ತರಗುಪೇಟೆಯ ನಮ್ಮ ಬೀದಿಯನ್ನು ಕಾಂಕ್ರೀಟ್ ಹಾಕಲು ಅಗೆದಿದ್ದಾರೆಂದೂ, ಹಮಾಲಿಗಳು ಮೂಟೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ಮೂಲೆಯ ಹೊರೆಗಲ್ಲನ್ನು ಕಿತ್ತು ಚರಂಡಿಯ ಪಕ್ಕಕ್ಕೆ ಉರುಳಿಸಿದ್ದಾರೆಂದೂ ನೀವು ಬರೆದದ್ದನ್ನು ಓದಿದಂದಿನಿಂದ ಮನಸ್ಸು ಅಲ್ಲಿಯೇ ಇದೆ. ಉತ್ತರ ಬರೆಯುವ ಮೊದಲು ಇಲ್ಲಿನ ಒಂದು ವಸ್ತುವನ್ನು ಮತ್ತೊಮ್ಮೆ ನೋಡಬೇಕೆನಿಸಿತು. ಭಾನುವಾರ ಹೋಗಿ ನೋಡಿ ಬಂದೆ.

ಪಿಕಡಿಲಿ ಎಂಬ ದೊಡ್ಡ ರಸ್ತೆಯಲ್ಲಿ, ಗ್ರೀನ್ ಪಾರ್ಕಿನ ಕಡೆಯ ಫುಟ್‌ಪಾತಿನ ಮೇಲೆ, ಎರಡು ಕಬ್ಬಿಣದ ಕಂಬಗಳ ನಡುವೆ ದಪ್ಪನೆಯ ಮರದ ಹಲಗೆಯೊಂದನ್ನು ಹೆಗಲೆತ್ತರಕ್ಕೆ ಕೂರಿಸಿದ್ದಾರೆ. ಕೂರಲು ಬಾರದ, ಒರಗಲೂ ಅನುಕೂಲವಲ್ಲದ ಅದನ್ನು ದಾರಿಹೋಕರು ಕಂಡೂ ಕಾಣದಂತೆ ದಾಟುತ್ತಾರೆ. ಬೆನ್ನ ಮೇಲೆ ಹೊರೆ ಹೊತ್ತು ನಡೆಯುತ್ತಿದ್ದ ಕೂಲಿಗಳು ಬಗ್ಗದೆ, ಇನ್ನೊಬ್ಬರನ್ನು ಕೈಹಿಡಿಯಿರೆಂದು ಕರೆಯದೆ ಭಾರವನ್ನು ಹಲಗೆಗೆ ದಾಟಿಸಿ ದಣಿವಾರಿಸಿಕೊಳ್ಳಲೆಂದು, ಪಾರ್ಲಿಮೆಂಟಿನ ಸದಸ್ಯರಾಗಿದ್ದ ಸ್ಲೇನಿ ಎಂಬವರ ಸಲಹೆಯಂತೆ 1861ರಲ್ಲಿ ಅಲ್ಲಿನ ಸ್ಥಳೀಯ ಆಡಳಿತದವರು ಅದನ್ನು ನಿಲ್ಲಿಸಿದರು. ಹಳೆಯ ಕಾಲದ ಈ ಕುರುಹನ್ನು ಉಳಿಸಲು ಜನರು ನೆರವಾಗಬೇಕೆಂಬ ಕೋರಿಕೆಯೂ ಅದರ ಫಲಕದಲ್ಲಿದೆ. ಅಷ್ಟು ಕೋರಿಕೊಂಡರೂ ಮೂಲದ್ದು ಕೆಲವು ವರ್ಷಗಳ ಹಿಂದೆ ಕಾಣೆಯಾಗಿ, ಈಗ ನಿಂತಿರುವುದು ಅದರ ಪ್ರತಿರೂಪ.

ಇಲ್ಲಿ ಕಾನೂನಿಗೇನೂ ಕೊರತೆಯಿಲ್ಲ. ದೀಪದ ಕಂಬ, ಕೆಂಪು ಟೆಲಿಫೋನ್ ಗೂಡುಗಳೂ ಕಟ್ಟಡಗಳಂತೆಯೇ ರಕ್ಷಣೆಯ ಪಟ್ಟಿಗೆ ಸೇರುತ್ತವೆ. 1967ರ ಕಾಯ್ದೆ ಬಂದ ಮೇಲೆ ಇಡೀ ಬೀದಿಗಳನ್ನೇ ಸಂರಕ್ಷಿತ ಪ್ರದೇಶವೆಂದು ಘೋಷಿಸುತ್ತ ಬಂದಿದ್ದಾರೆ. ಗ್ಯಾಸಿನ ಬೀದಿದೀಪಗಳೇ ಇನ್ನೂ ಸಾವಿರಕ್ಕೂ ಹೆಚ್ಚು ಉರಿಯುತ್ತಿವೆ. ನಮ್ಮ ಸಿಟಿ ಮಾರ್ಕೆಟ್ಟಿನ ಬಳಿ 1905ರಲ್ಲಿಯೇ ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿದೀಪ ಹೊತ್ತಿತ್ತೆಂದರೆ ನನ್ನ ಸಹೋದ್ಯೋಗಿ ನಂಬಲೊಲ್ಲ. ಇಷ್ಟು ಕಾವಲಿರುವ ಊರಿನಲ್ಲಿಯೇ ಒಂದು ಹಲಗೆ ಮಾಯವಾಗುವುದಾದರೆ ಚರಂಡಿಯ ಪಕ್ಕ ಬಿದ್ದಿರುವ ನಮ್ಮ ಕಲ್ಲಿಗೆ ದಿಕ್ಕು ಯಾರು? ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ಶಾಸನ 2018ರಲ್ಲಿ ಮತ್ತೆ ಸಿಕ್ಕಾಗ ಜನರೇ ಮುಂದೆ ಬಂದು ಅದಕ್ಕೆ ಮಂಟಪ ಕಟ್ಟಿಸಿದರು. ನಮ್ಮ ಕಲ್ಲಿನ ಮೇಲೆ ಒಂದಕ್ಷರವೂ ಇಲ್ಲ. ಗೋಣಿಚೀಲ ಉಜ್ಜಿ ಉಜ್ಜಿ ನುಣುಪಾದ ಒಂದು ಅಂಚು, ಅಷ್ಟೆ.

ಆದರೆ ಪಿಕಡಿಲಿಯಲ್ಲಿ ಹೊರೆ ಹೊರುವವರು ಈಗ ಯಾರೂ ಇಲ್ಲ. ನಮ್ಮ ಪೇಟೆಯಲ್ಲಿ ಲಾರಿ ನುಗ್ಗದ ಸಂದುಗಳಿಗೆ ಇಂದಿಗೂ ಹಮಾಲಿಗಳೇ ಮೂಟೆ ಸಾಗಿಸುತ್ತಾರೆ. ಆದ್ದರಿಂದ ಆ ಕಲ್ಲನ್ನು ಎಲ್ಲೋ ಪಾರ್ಕಿನಲ್ಲಿ ಅಲಂಕಾರಕ್ಕೆ ನೆಡುವುದಾಗಲಿ, ಮ್ಯೂಸಿಯಮ್ಮಿಗೆ ಕಳಿಸುವುದಾಗಲಿ ನನಗೆ ಸರಿಕಾಣದು. ಅರಿಶಿನ ಕುಂಕುಮ ಹಚ್ಚಿದರೆ ಯಾರೂ ಮುಟ್ಟುವುದಿಲ್ಲವೆಂದು ಚಿಕ್ಕಪ್ಪ ಹೇಳಿದ್ದು ನಿಜವೇ ಇರಬಹುದು. ದೇವರಾದ ಮೇಲೆ ಅದರ ಮೇಲೆ ಮೂಟೆ ಇಳಿಸುವವರು ಯಾರು?

ತಾವು ದಯವಿಟ್ಟು ಎರಡು ಕಂಬಗಳನ್ನೂ ಮೇಲಿನ ಚಪ್ಪಡಿಯನ್ನೂ ನಮ್ಮ ಜಗಲಿಗೆ ತರಿಸಿ, ಯಾವುದು ಯಾವ ಕಡೆಯದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಫೋಟೋ ತೆಗೆಸಿಡಬೇಕು. ಅಂಗಡಿಯವರ ಮತ್ತು ಹಮಾಲಿಗಳ ಸಹಿಯೊಂದಿಗೆ, ಕಾಂಕ್ರೀಟ್ ಬೀಳುವುದಕ್ಕೆ ಮೊದಲೇ ಎಂಜಿನಿಯರರಿಗೆ ಅರ್ಜಿ ಕೊಟ್ಟು ಹಿಂಬರಹ ಪಡೆಯಿರಿ. ಮುಖ್ಯವಾದದ್ದು ಎತ್ತರ. ನಾನು ಚಿಕ್ಕವಳಿದ್ದಾಗ ತಾತನ ಎದೆಮಟ್ಟಕ್ಕಿದ್ದ ಚಪ್ಪಡಿ, ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಏರಿದ್ದರಿಂದ, ಹೋದ ಸಲ ಬಂದಾಗ ನಿಮ್ಮ ಸೊಂಟಕ್ಕೆ ಬಂದಿತ್ತು. ಮೂಟೆ ಇಳಿಸಲು ಬಗ್ಗಲೇಬೇಕಾದ್ದರಿಂದ ಅದರ ಬಳಿ ಯಾರೂ ನಿಲ್ಲುತ್ತಿರಲಿಲ್ಲ. ಈಗ ಹೇಗೂ ಕಿತ್ತಿದ್ದಾರೆ, ಹೊಸ ರಸ್ತೆಯ ಮಟ್ಟಕ್ಕೆ ಸರಿಯಾಗಿ ಮೇಲೆತ್ತಿ ನಿಲ್ಲಿಸಬಹುದು. ಅಳತೆಗೆ ಟೇಪು ಸಾಲದು. ಹಮಾಲಿಯೊಬ್ಬರನ್ನು ಮೂಟೆ ಸಮೇತ ಪಕ್ಕದಲ್ಲಿ ನಿಲ್ಲಿಸಿಕೊಂಡು ಗುರುತು ಮಾಡಿಸಿ.

ಅಮ್ಮನಿಗೂ ಚಿಕ್ಕಪ್ಪನವರಿಗೂ ನನ್ನ ನಮಸ್ಕಾರಗಳನ್ನು ತಿಳಿಸಿ.

ಇಂತಿ,
ನಿಮ್ಮ ಮಗಳು