ಕಾಲು ನೋಯುತ್ತೆ ಅಂತ ಬರೆದವಳಿಗೆ

ಪ್ರೀತಿಯ ಮಗಳೇ,

ಉಳಿದ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿಯಾಗಿದೆ. ಶಿಲ್ಪದ ತರಗತಿಯಲ್ಲಿ ಎದುರಿಗೆ ನಿಂತವರನ್ನು ನೋಡಿ ಮಣ್ಣಿನಲ್ಲಿ ಮೂರ್ತಿ ಮಾಡೋದರ ಬಗ್ಗೆ ನೀನು ಬರೆದ ಒಂದು ಸಾಲು ಮಾತ್ರ ತಲೆ ಕೊರೆಯುತ್ತಿದೆ. 'ನನ್ನ ಕೈ ನಿಧಾನ. ಅಷ್ಟು ಹೊತ್ತೂ ಮಾಡೆಲ್‌ಗೆ ಕಾಲು ನೋಯ್ತಿರುತ್ತಲ್ಲ ಅನ್ನಿಸಿ ಬೇಗ ಬೇಗ ಮುಗಿಸಿಬಿಡ್ತೀನಿ' ಅಂತ ಬರೆದಿದ್ದೀಯ.

ನೋಯುತ್ತೆ, ನಿಜ. ಇಲ್ಲ ಅಂತ ಸುಳ್ಳು ಸಮಾಧಾನ ಹೇಳಲಾರೆ. ಭಾರವೆಲ್ಲ ಒಂದೇ ಕಾಲಿನ ಮೇಲೆ ಬಿಟ್ಟು ನಿಂತರೆ ಆ ಕಡೆಯ ಸೊಂಟ ಮೇಲೇರುತ್ತದೆ, ಹೆಗಲು ಇಳಿಯುತ್ತದೆ. ದಣಿದಂತೆ ಸೊಂಟ ಇನ್ನಷ್ಟು ಹೊರಕ್ಕೆ ಸರಿಯುತ್ತದೆ, ಎದೆಗೂಡು ಕುಸಿಯುತ್ತದೆ. ಶುರುವಿನಲ್ಲಿ ನೀನು ಅಳತೆ ತೆಗೆದ ಭಂಗಿಯೇ ಅದಲ್ಲ. ಅವಸರ ಮಾಡಿದರೆ ಇದು ಕಣ್ಣಿಗೇ ಬೀಳುವುದಿಲ್ಲ.

ನಾನು ಕಲಿಯುವಾಗ ವಯಸ್ಸಾದವರೊಬ್ಬರು ಮಾಡೆಲ್ ಆಗಿ ನಿಲ್ಲುತ್ತಿದ್ದರು. ಮಂಡಿಚಿಪ್ಪಿನ ಮೇಲಿನ ಸ್ನಾಯು ಸಣ್ಣಗೆ ಅದುರುತ್ತಿತ್ತು. ಮೇಷ್ಟ್ರು ಬಿಡುವು ಕೊಡುತ್ತಿರಲಿಲ್ಲ. ನೋಡಲಾಗದೆ ನಾನು ಕಾಲಿನ ಕೆಲಸವನ್ನೇ ಮುಂದೂಡುತ್ತಿದ್ದೆ. ಆಮೇಲೆ ಜೀವನವಿಡೀ ಬರೀ ತಲೆ, ಎದೆಮಟ್ಟದ ಮೂರ್ತಿ. ಜನ ಅದನ್ನು ನನ್ನ ಶೈಲಿ ಅಂದರು, ನಾನೂ ಸುಮ್ಮನಿದ್ದೆ. ಆ ಹಿರಿಯರನ್ನು ಒಂದು ಸಲವೂ 'ಕೂತ್ಕೊಳ್ತೀರಾ' ಅಂತ ಕೇಳಲಿಲ್ಲ. ಅದು ಈಗಲೂ ಕುಟುಕುತ್ತದೆ.

ನೀನಾದರೂ ನಿನ್ನ ಮಾಡೆಲ್‌ ಅನ್ನು ಹಾಗೆ ಕೇಳು. 20 ನಿಮಿಷ ನಿಂತರೆ 5 ನಿಮಿಷ ಬಿಡುವು ಅನ್ನೋದು ಎಷ್ಟೋ ಕಡೆ ಇರುವ ರೂಢಿ. ಪಾದದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟರೆ ಮತ್ತೆ ಅಲ್ಲಿಗೇ ಬಂದು ನಿಲ್ಲಬಹುದು. ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು ಹಿಡಿದರೆ ಕತ್ತಿನ ಗುಳಿ ಭಾರ ಹೊತ್ತ ಕಾಲಿನ ಕಣಕಾಲಿಗೆ ನೇರ ಬರುತ್ತದೆ, ಅದನ್ನೂ ನೋಡಿಕೋ. ನಿನ್ನ ಮೇಷ್ಟ್ರು ಹೇಳಿರುತ್ತಾರೆ ಬಿಡು, ಸುಮ್ನೆ ಬರೆದೆ.

ಫ್ರಾನ್ಸಿನ ಶಿಲ್ಪಿ ರೋದಾನ್ 'ಕಂಚಿನ ಯುಗ' ಅನ್ನೋ ಮೂರ್ತಿ ಮಾಡುವಾಗ ಬೆಲ್ಜಿಯಂನ ಒಬ್ಬ ಸೈನಿಕನನ್ನು ನಿಲ್ಲಿಸಿಕೊಂಡು ಸುಮಾರು ಒಂದೂವರೆ ವರ್ಷ ತೆಗೆದುಕೊಂಡ. 1877ರಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಾಗ, ಮನುಷ್ಯನ ಮೈಯಿಂದಲೇ ಅಚ್ಚು ತೆಗೆದಿದ್ದಾನೆ ಅಂತ ದೂರಿದರು. ಆ ಸೈನಿಕನ ಕಾಲು ನೋಯದೆ ಇರುತ್ತಾ? ಅಷ್ಟು ಹೊತ್ತು ನಿಂತವನನ್ನು ಅವಸರದಲ್ಲಿ ಅರ್ಧಂಬರ್ಧ ನೋಡಿದ್ದರೆ ಅವನ ನೋವಿಗೆ ಏನು ಸಿಕ್ಕಂತಾಯ್ತು, ಅಲ್ವಾ?

ಒಂದು ಸಲ ನೀನೇ ಆ ಪೀಠದ ಮೇಲೆ ನಿಂತು ನೋಡು. ಮೊದಲು ಎಲ್ಲಿ ನೋಯುತ್ತೆ ಅಂತ ಗೊತ್ತಾದರೆ ಭಾರ ಎಲ್ಲಿಗೆ ಇಳಿದಿದೆ ಅಂತಲೂ ಗೊತ್ತಾಗುತ್ತದೆ. ಇಷ್ಟು ವಯಸ್ಸಾದ ಮೇಲೆ ನನಗೆ ಹೊಳೆದದ್ದು ಇದು, ಜಾಸ್ತಿ ಉಪದೇಶ ಅನ್ನಿಸಿದರೆ ಬಿಟ್ಟುಬಿಡು. ಅವತ್ತಿಗೆ ಮುಗಿಯದಿದ್ದರೆ ಮಣ್ಣಿಗೆ ಒದ್ದೆ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿಡು. ನಿನ್ನ ಮಾಡೆಲ್ ಮುಂದಿನ ವಾರವೂ ಬರುತ್ತಾರಲ್ಲ.

ಇಂತಿ,
ನಿನ್ನ ದೊಡ್ಡಪ್ಪ