ಮಂಗನ ಗದ್ದಲದಲ್ಲಿ ಮರೆತುಹೋದ ನೊಣ

ಮಾನ್ಯರೇ,

ಮಲೆನಾಡಿನಲ್ಲಿ ಮಂಗಗಳ ಹಾವಳಿ ಕುರಿತು ಆಗಾಗ ಪ್ರಕಟವಾಗುವ ಪತ್ರಗಳನ್ನು ಓದುವಾಗಲೆಲ್ಲ, ಅದೇ ತೋಟ ಹಿತ್ತಲುಗಳಲ್ಲಿ ಸದ್ದಿಲ್ಲದೆ ಬೆಳೆ ಕೆಡಿಸುವ ಹಣ್ಣುನೊಣದ ಮಾತನ್ನು ಯಾರೂ ಎತ್ತುವುದಿಲ್ಲವಲ್ಲ ಎನಿಸುತ್ತದೆ. ಮಂಗಗಳಿಂದ ನಷ್ಟವಿಲ್ಲವೆಂದು ನಾನು ಹೇಳುತ್ತಿಲ್ಲ. ಅವು ಎಳೆ ಅಡಿಕೆಯನ್ನು ಚೀಪಿ ಉದುರಿಸುವುದನ್ನೂ, ಬಲಿಯದ ಬಾಳೆಗೊನೆಯನ್ನು ಸೀಳಿ ಅರ್ಧ ತಿಂದು, ಉಳಿದದ್ದನ್ನು ಕೆನ್ನೆಯ ಚೀಲಕ್ಕೆ ತುರುಕಿಕೊಂಡು ಓಡುವುದನ್ನೂ ಸಾಗರದ ಸಮೀಪದ ನಮ್ಮ ತೋಟದಲ್ಲಿ ವರ್ಷಗಳಿಂದ ನೋಡುತ್ತಿದ್ದೇನೆ. ಆದರೆ ಕಳೆದ ಮಳೆಗಾಲದಲ್ಲಿ, ಮಂಗ ಮೂಸಿಯೂ ನೋಡದ ಹಾಗಲಕಾಯಿಯನ್ನು ಚಪ್ಪರದಿಂದ ಕೊಯ್ದು ಹೆಚ್ಚಲು ಕುಳಿತರೆ ಒಳಗೆಲ್ಲ ಬಿಳಿ ಹುಳು. ಹೊರಗೆ ಕಂಡದ್ದು ಸೂಜಿ ಚುಚ್ಚಿದಷ್ಟು ಗಾಯ, ಅದರ ಮೇಲೊಂದು ಹನಿ ಅಂಟು.

ನಮ್ಮ ಸಾಮಾನ್ಯ ಮಂಗ, ಅಂದರೆ ಬಾನೆಟ್ ಮಕಾಕ್, ಐದೂವರೆ ತಿಂಗಳಷ್ಟು ಕಾಲ ಗರ್ಭ ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಹಣ್ಣುನೊಣವಾದರೋ ಕಾಯಿಗಳನ್ನು ಚುಚ್ಚಿ ಒಳಗೆ ನೂರಾರು ಮೊಟ್ಟೆಯಿಡುತ್ತದೆ, ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ನೊಣವಾಗಲು ಸುಮಾರು ಮೂರು ವಾರ ಸಾಕು. ಕಣ್ಣಿಗೆ ಬೀಳುವುದು ಮಂಗವಾದ್ದರಿಂದ ದೂರೆಲ್ಲ ಅದರ ಮೇಲೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಜ್ವರವನ್ನು ಹರಡುವುದು ಉಣುಗು, ಆ ಜ್ವರದಿಂದ ಮಂಗಗಳೂ ಸಾಯುತ್ತವೆ. ಆದರೂ ನಾವು ಕರೆಯುವುದು ಮಂಗನ ಕಾಯಿಲೆ ಎಂದೇ.

ನೊಣ ಬಿದ್ದ ಕಾಯಿಯನ್ನು ಗಿಡದ ಬುಡದಲ್ಲೇ ಬಿಟ್ಟರೆ ಹುಳುಗಳು ಮಣ್ಣಿಗಿಳಿದು, ಕೋಶ ಕಟ್ಟಿ, ಮತ್ತೆ ನೊಣವಾಗಿ ಏಳುತ್ತವೆ. ಆದ್ದರಿಂದ ಅವನ್ನು ಹೆಕ್ಕಿ ಆಳವಾಗಿ ಹೂಳಲೇಬೇಕು. ಇನ್ನು ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಮೋಹಕ ಬಲೆಯ ವಿಷಯ. ಮಾವಿನ ನೊಣಕ್ಕೆ ಮೀಥೈಲ್ ಯೂಜಿನಾಲ್, ಹಾಗಲ, ಹೀರೆ, ಸೌತೆಗಳ ನೊಣಕ್ಕೆ ಕ್ಯೂಲೂರ್ ಎಂಬ ಬೇರೆಯದೇ ಮದ್ದು ಬೇಕು. ಇದು ಗೊತ್ತಿಲ್ಲದೆ ಮಾವಿನ ಬಲೆಯನ್ನು ಹಾಗಲದ ಚಪ್ಪರಕ್ಕೆ ಕಟ್ಟಿ, ದುಡ್ಡು ದಂಡವಾಯಿತೆಂದು ಬೈದವರಲ್ಲಿ ನಾನೂ ಒಬ್ಬ. ಅಲ್ಲದೆ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಒಂದೇ ಮನೆಯವರು ಕಟ್ಟಿದರೆ ಪಕ್ಕದ ತೋಟದಲ್ಲಿ ಕೂಡಿದ ಹೆಣ್ಣು ಬಂದು ಮೊಟ್ಟೆಯಿಡಲು ಅಡ್ಡಿಯೇನಿಲ್ಲ.

ಆದ್ದರಿಂದ ತೋಟಗಾರಿಕೆ ಇಲಾಖೆಯು ಎರಡೂ ಬಗೆಯ ಬಲೆಗಳನ್ನು, ಯಾವುದು ಯಾವ ಬೆಳೆಗೆಂದು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದು, ಮಾವು ಬಲಿಯುವ ಮೊದಲೇ ಪಂಚಾಯಿತಿಗಳ ಮೂಲಕ ಹಂಚಿ, ಊರಿನವರೆಲ್ಲ ಒಂದೇ ವಾರದಲ್ಲಿ ಕಟ್ಟುವಂತೆ ನೋಡಿಕೊಳ್ಳಬೇಕೆಂದು ಕೋರುತ್ತೇನೆ. ನಮ್ಮ ಕೇರಿಯಲ್ಲಿ 14 ಮನೆಗಳಿವೆ; ಕಳೆದ ವರ್ಷ ಬಲೆ ಕಟ್ಟಿದವರು ಇಬ್ಬರು.

– ಒಬ್ಬ ಕೃಷಿಕ, ಸಾಗರ ತಾಲ್ಲೂಕು