ಟ್ರಯಥ್ಲಾನ್‌ಗೆ ಹೆಸರು ಕೊಟ್ಟ ಮಗಳಿಗೊಂದು ಪತ್ರ

ಪುಟ್ಟಿ,

ಗೋವಾದ ಐರನ್‌ಮ್ಯಾನ್ 70.3 ಅನ್ನೋ ಟ್ರಯಥ್ಲಾನ್ ರೇಸಿಗೆ ಹೆಸರು ಕೊಟ್ಟೆ ಅಂತ ನೀನು ಫೋನ್ ಮಾಡ್ದಾಗ ನಿಮ್ಮಪ್ಪಂಗೆ ಭಯ ಆಯ್ತು, ನಂಗೆ ಖುಷಿ ಆಯ್ತು ಕಣೇ. ಸಮುದ್ರದಲ್ಲಿ 1.9 ಕಿಲೋಮೀಟರ್ ಈಜಿ, ಒದ್ದೆ ಮೈಯಲ್ಲೇ ಸೈಕಲ್ ಹತ್ತಿ 90 ಕಿಲೋಮೀಟರ್ ತುಳಿದು, ಇಳಿದ ತಕ್ಷಣ 21.1 ಕಿಲೋಮೀಟರ್ ಓಡೋದು, ಎಲ್ಲಾ ಎಂಟೂವರೆ ಗಂಟೆ ಒಳಗೆ. ಈಜು ಮೊನ್ನೆ ಮೊನ್ನೆ ಕಲಿತವಳು ಇದಕ್ಕೆ ಹೊರಟಿದ್ದೀಯಲ್ಲ, ಬೇಡ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ. ಅಮೆರಿಕಾದಲ್ಲಿ ಸಿಸ್ಟರ್ ಮಡೋನಾ ಬ್ಯೂಡರ್ ಅಂತ ಒಬ್ರು ಸನ್ಯಾಸಿನಿ, 48ನೇ ವಯಸ್ಸಲ್ಲಿ ಓಡೋಕೆ ಶುರು ಮಾಡಿದವ್ರು, 2012ರಲ್ಲಿ 82 ವರ್ಷದವರಾಗಿದ್ದಾಗ ಫುಲ್ ಐರನ್‌ಮ್ಯಾನ್ ಮುಗಿಸಿದ್ರು, ಅದು ನಿನ್ನ ರೇಸಿನ ಡಬಲ್ ದೂರ. ನಿಂಗೆ ಟೈಮಿದೆ, ಹಟಾನೂ ಇದೆ.

ನಾನು ಬರೀತಿರೋದು ಊಟದ ವಿಷ್ಯಕ್ಕೆ. ಹಬ್ಬಕ್ಕೆ ಮೈಸೂರಿಗೆ ಬಂದಾಗ ಬೆಳಗಿನ ಜಾವ ಎದ್ದು ಚಾಮುಂಡಿ ಬೆಟ್ಟ ಹತ್ತಿ ಇಳಿದು ಬಂದೆ, ಬಂದವಳು ಬರೀ ಬ್ಲ್ಯಾಕ್ ಕಾಫಿ ಕುಡಿದೆ, ಇಡ್ಲಿ ಹಾಕೋಕೆ ಬಂದ್ರೆ ಒಂದೇ ಸಾಕಮ್ಮ, ತೂಕ ಇಳಿದ್ರೆ ಏರು ಸುಲಭ ಆಗುತ್ತೆ ಅಂದೆ. ಅಷ್ಟು ಜನರ ಮುಂದೆ ಸುಮ್ನಾದೆ, ಈಗ ಹೇಳ್ತೀನಿ ಕೇಳು.

ಆರ್ಥೋ ವಾರ್ಡಲ್ಲಿ ನರ್ಸಾಗಿ ಕೆಲ್ಸ ಮಾಡಿದವಳು ನಾನು. ಬಿದ್ದಿಲ್ಲ ಏಟು ಬಿದ್ದಿಲ್ಲ, ಆದ್ರೂ ಕಾಲಿನ ಮೂಳೇಲಿ ಕೂದಲೆಳೆ ಬಿರುಕು ಅಂತ ಓಡೋ ಹುಡುಗೀರು ಬರೋರು, ಡಾಕ್ಟ್ರು ಅವ್ರನ್ನ ಕೇಳ್ತಿದ್ದದ್ದು 'ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗ್ತಿದ್ಯಾ' ಅಂತ. ಖರ್ಚು ಮಾಡೋ ಅಷ್ಟು ಒಳಗೆ ಬರದೇ ಹೋದ್ರೆ ದೇಹ ತನಗೆ ಈಗ ಅರ್ಜೆಂಟಿಲ್ಲದ್ದನ್ನ ಒಂದೊಂದಾಗಿ ನಿಲ್ಲಿಸ್ತಾ ಬರುತ್ತೆ, ಮುಟ್ಟು ನಿಲ್ಲುತ್ತೆ, ಈಸ್ಟ್ರೋಜೆನ್ ಇಳಿಯುತ್ತೆ, ಅದರ ಹಿಂದೆನೇ ಮೂಳೆ ಸವೆಯುತ್ತೆ. ಇದಕ್ಕೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ರೆಡ್-ಎಸ್ ಅಂತ ಹೆಸರಿಟ್ಟಿದೆ, ಗಂಡು ಹುಡುಗ್ರಿಗೂ ಆಗುತ್ತೆ. ಮುಟ್ಟು ಹೋದ್ರೆ ಒಳ್ಳೇದೇ ಆಯ್ತು, ತಾಪತ್ರಯ ತಪ್ತು ಅಂತ ಖುಷಿಪಡೋ ವಿಷ್ಯ ಅಲ್ಲ ಪುಟ್ಟಿ. ಒಂದು ತಿಂಗಳು ತಪ್ಪಿದ್ರೂ ನಂಗೆ ಹೇಳು, ನಾಚ್ಕೋಬೇಡ.

ಹೊರಡೋಕೆ ಮುಂಚೆ ಒಂದು ಬಾಳೆಹಣ್ಣಾದ್ರೂ ತಿನ್ನು. ಸೈಕಲ್ ಮೇಲೆ ಎರಡು ಮೂರು ಗಂಟೆ ಇರೋ ದಿನ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಹತ್ರ ಹೋಗ್ಬೇಕು, ಬಾಳೆಹಣ್ಣು ಒಂದರಲ್ಲಿ ಸಿಗೋದು 25 ಗ್ರಾಂ ಆಸುಪಾಸು, ಲೆಕ್ಕ ನೀನೇ ಹಾಕ್ಕೋ. ಖರ್ಜೂರ, ಕಡ್ಲೆಕಾಯಿ ಚಿಕ್ಕಿ ಜೇಬಲ್ಲಿರ್ಲಿ. ರೇಸ್ ದಿನ ತಿನ್ನೋದನ್ನ ಇವಾಗ್ಲೇ ತಿಂದು ಅಭ್ಯಾಸ ಮಾಡು, ಹೊಟ್ಟೆಗೂ ಟ್ರೈನಿಂಗ್ ಬೇಕು. ಬಾಯಾರಿಕೆ ಅಂತ ಬರೀ ನೀರನ್ನ ಲೀಟರ್‌ಗಟ್ಲೆ ಕುಡೀಬೇಡ, ರಕ್ತದಲ್ಲಿ ಸೋಡಿಯಂ ಇಳಿದು ತಲೆ ತಿರುಗಿ ವಾಂತಿ ಬರುತ್ತೆ, ಜಾಸ್ತಿ ಆದ್ರೆ ಪ್ರಾಣಕ್ಕೇ ಅಪಾಯ. ಗೋವಾ ಸೆಕೆಯಲ್ಲಿ ಬೆವರು ಸುರಿಯುತ್ತೆ, ಬಾಟಲಿಗೆ ಎಲೆಕ್ಟ್ರೊಲೈಟ್ ಪುಡಿ, ಅಂದ್ರೆ ಸೋಡಿಯಂ ಥರದ ಲವಣ ಇರೋದು, ಹಾಕ್ಕೋ. ಮನೆಗೆ ಬಂದ ಅರ್ಧ ಮುಕ್ಕಾಲು ಗಂಟೆ ಒಳಗೆ ಸರಿಯಾಗಿ ಊಟ, ಅನ್ನ ಬಿಟ್ಟಿದೀನಿ ಅನ್ನೋದು ಈ ವರ್ಷ ಬೇಡ, ಅನ್ನ ಸಾರು ಮೊಸರು ಮೊಟ್ಟೆ ಎಲ್ಲಾ ತಿನ್ನು.

ಇನ್ನೊಂದು, ಸಮುದ್ರ. ಪೂಲಲ್ಲಿ 25 ಮೀಟರ್‌ಗೊಮ್ಮೆ ಗೋಡೆ ಸಿಗುತ್ತೆ, ಕೆಳಗೆ ಗೆರೆ ಕಾಣುತ್ತೆ, ಅಲ್ಲಿ ಎರಡೂ ಇಲ್ಲ, ತಲೆ ಎತ್ತಿ ನೀರ ಮೇಲೆ ತೇಲೋ ಗುರುತು (ಬೋಯ್) ನೋಡ್ಕೊಂಡೇ ದಿಕ್ಕು ಹಿಡೀಬೇಕು, ಸುತ್ತ ಜನ ಕೈಕಾಲು ಬಡೀತಿರ್ತಾರೆ. ರೇಸಿಗೆ ಮುಂಚೆ ಕೋಚ್ ಜೊತೆಗೇ ತೆರೆದ ನೀರಲ್ಲಿ ಸಾಕಷ್ಟು ಸಲ ಈಜು, ಒಬ್ಳೇ ಮಾತ್ರ ಇಳೀಬೇಡ, ಇದರಲ್ಲಿ ನಾನು ಒಂಚೂರೂ ಸಡಿಲ ಬಿಡಲ್ಲ.

ಈ ವಾರದಲ್ಲೇ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಟೆಸ್ಟೂ ಮಾಡಿಸು, ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅಂತ ಅದು ತೋರಿಸುತ್ತೆ, ಹಿಮೋಗ್ಲೋಬಿನ್ ಸರಿಯಿದ್ರೂ ಕಬ್ಬಿಣ ಖಾಲಿಯಾಗಿರಬಹುದು. ರಿಪೋರ್ಟ್ ನಂಗೆ ವಾಟ್ಸಾಪ್ ಮಾಡು. ಶುಕ್ರವಾರ ಪಕ್ಕದ್ಮನೆಯವ್ರು ಬೆಂಗ್ಳೂರಿಗೆ ಬರ್ತಿದಾರೆ, ರಾಗಿ ಹುರಿಹಿಟ್ಟು, ಚಿಕ್ಕಿ ಕಳಿಸ್ತೀನಿ, ಎಲ್ಲಿಗೆ ಬಂದು ಇಸ್ಕೋತೀಯ ಹೇಳು.

ಅಮ್ಮ